ಲಂಡನ್ನಿನಲ್ಲಿ ಮಗಳ ಮನೆ, ಕೈಯಲ್ಲೊಂದು ಶನಿವಾರ: ಅಜ್ಜ-ಅಜ್ಜಿ, ಮೊಮ್ಮಕ್ಕಳೊಂದಿಗೆ ಊರು ನೋಡುವ ಸಮಗ್ರ ಮಾರ್ಗದರ್ಶಿ

ಜೆಜೆಎಂ ಮೆಡಿಕಲ್ ಕಾಲೇಜಿನಲ್ಲೋ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿನಲ್ಲೋ ಓದಿದ ಮಕ್ಕಳು ಲಂಡನ್ನಿಗೆ ಹೋಗಿ ನೆಲೆಸುವುದು, ಅವರ ಹಿಂದೆ ಅಪ್ಪ-ಅಮ್ಮ ವೀಸಾ ಮಾಡಿಸಿಕೊಂಡು ಕೆಲವು ತಿಂಗಳು ಹೋಗಿ ಇದ್ದು ಬರುವುದು ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಈಗ ಮಾಮೂಲಿ ಮಾತು. ಹೋದವರ ಹೆಚ್ಚಿನ ದಿನಗಳು ಮನೆಯೊಳಗೇ ಕಳೆಯುತ್ತವೆ. ಮಗಳು-ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು, ಮೊಮ್ಮಕ್ಕಳಿಗೆ ಶಾಲೆ. ಹಾಗಾಗಿ ಎಲ್ಲರೂ ಕೂಡಿ ಊರು ನೋಡಲು ಸಿಗುವುದು ಒಂದೋ ಎರಡೋ ಶನಿವಾರ. ಆ ಶನಿವಾರ ಹಾಳಾಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ನೋಡಬೇಕಾದ ಜಾಗಗಳ ಪಟ್ಟಿ ತೀರಾ ಉದ್ದವಾಗಿರುತ್ತದೆ. ಅರಮನೆ, ಟವರ್, ಲಂಡನ್ ಐ, ಮೇಣದ ಬೊಂಬೆ, ಎರಡು ಮ್ಯೂಸಿಯಂ ಎಂದು ಬೆಳಿಗ್ಗೆ ಹೊರಟವರು ಮಧ್ಯಾಹ್ನ ಮೂರಕ್ಕೆ ಒಬ್ಬರ ಮುಖ ಒಬ್ಬರು ನೋಡದ ಸ್ಥಿತಿಗೆ ಬರುತ್ತಾರೆ.

ಇಲ್ಲಿರುವುದು ಅದಕ್ಕೆ ಬದಲಿ ಯೋಜನೆ. ಆ ದಿನದ ಯಜಮಾನರು ಇಬ್ಬರೇ: ಅಜ್ಜಿಯ ಮೊಣಕಾಲು ಮತ್ತು ಮಗುವಿನ ಹೊಟ್ಟೆ. ಯಾವ ಜಾಗ ನೋಡಬೇಕು ಎಂಬುದಕ್ಕಿಂತ ಮೊದಲು ಎಲ್ಲಿ ಕೂರಬೇಕು, ಎಲ್ಲಿ ಉಣ್ಣಬೇಕು, ಎಲ್ಲಿ ಟಾಯ್ಲೆಟ್ ಸಿಗುತ್ತದೆ ಎಂಬುದನ್ನು ಗೊತ್ತು ಮಾಡಿಕೊಳ್ಳಿ. ನೋಡುವ ಜಾಗಗಳು ಅವುಗಳ ನಡುವೆ ತಾವಾಗಿಯೇ ಬಂದು ಕೂರುತ್ತವೆ. ಲಂಡನ್ನಿನಲ್ಲಿ ಇದು ಸಲೀಸು, ಏಕೆಂದರೆ ನೋಡತಕ್ಕ ಅರ್ಧ ಊರು ಥೇಮ್ಸ್ ನದಿಯ ದಂಡೆಯಲ್ಲೇ ಇದೆ.

ಹಂತ 1: ತಯಾರಿ ದಾವಣಗೆರೆಯಲ್ಲೇ ಶುರುವಾಗಲಿ

ಮೊದಲನೆಯದು ಬೂಟು. ವಿಮಾನ ಹತ್ತುವ ಹಿಂದಿನ ದಿನ ಹೊಸ ಬೂಟು ಕೊಳ್ಳಬೇಡಿ. ಒಂದೂವರೆ ತಿಂಗಳು ಮೊದಲೇ ಕೊಂಡು, ಬೆಳಿಗ್ಗೆ ಕುಂದುವಾಡ ಕೆರೆಯ ಸುತ್ತ ಅದನ್ನೇ ಹಾಕಿಕೊಂಡು ನಡೆಯಿರಿ. ಚಿತ್ರದುರ್ಗದವರಿಗೆ ಕೋಟೆಯ ಮೆಟ್ಟಿಲೇ ಇದೆ. ಒನಕೆ ಓಬವ್ವನ ಕಿಂಡಿಯವರೆಗೆ ಹತ್ತಿ ಇಳಿದರೂ ಆರಾಮಾಗಿರುವ ಕಾಲಿಗೆ ಲಂಡನ್ ಭಾರವಲ್ಲ. ಅಲ್ಲಿ ಕಾರಿದ್ದವರೂ ನಗರದ ಮಧ್ಯಕ್ಕೆ ಕಾರು ಒಯ್ಯುವುದಿಲ್ಲ. ಅಲ್ಲಿಗೆ ಕಾರು ತಂದರೆ ಪ್ರತ್ಯೇಕ ಶುಲ್ಕ, ಪಾರ್ಕಿಂಗಿಗೆ ಅದಕ್ಕಿಂತ ದೊಡ್ಡ ಶುಲ್ಕ. ಏನಿದ್ದರೂ ನಡಿಗೆ, ಬಸ್ಸು, ರೈಲು. ಸೀರೆಯ ಕೆಳಗೆ ಬೂಟು ಹಾಕಲು ಅಮ್ಮಂದಿರು ಮೊದಲು ಒಪ್ಪುವುದಿಲ್ಲ. ಅಲ್ಲಿ ಯಾರೂ ನೋಡುವುದಿಲ್ಲ ಎಂದು ಈಗಲೇ ಹೇಳಿಬಿಡಿ, ಅದು ನಿಜವೂ ಹೌದು.

ಎರಡನೆಯದು ಡಬ್ಬಿ-ಗಂಟು. ಮಂಡಕ್ಕಿ, ಅವಲಕ್ಕಿ, ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ ಒಯ್ಯಬಹುದು. ಬೆಣ್ಣೆ, ತುಪ್ಪ, ಖೋವಾ ಪೇಡೆ ಒಯ್ಯುವಂತಿಲ್ಲ. ನಮ್ಮ ಕಡೆಯಿಂದ ಬ್ರಿಟನ್ನಿಗೆ ಹಾಲಿನ ಮತ್ತು ಮಾಂಸದ ಪದಾರ್ಥ ತರಬಾರದೆಂಬ ನಿಯಮವಿದೆ, ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಕಿತ್ತುಕೊಳ್ಳುತ್ತಾರೆ. ದಾವಣಗೆರೆಯವರಿಗೆ ಬೆಣ್ಣೆಯನ್ನೇ ಬೇಡ ಎನ್ನುವುದು ಸ್ವಲ್ಪ ಕ್ರೂರವೇ. ಆದರೆ ಅಲ್ಲಿನ ಅಂಗಡಿಗಳಲ್ಲಿ ಉಪ್ಪಿಲ್ಲದ ಒಳ್ಳೆಯ ಬೆಣ್ಣೆ ಸಿಗುತ್ತದೆ, ದೋಸೆ ಕೆಡುವುದಿಲ್ಲ.

ಮೂರನೆಯದು ಕಾರ್ಡು. ನಮ್ಮ ಬ್ಯಾಂಕುಗಳ ಡೆಬಿಟ್ ಕಾರ್ಡುಗಳಲ್ಲಿ ವಿದೇಶದ ಬಳಕೆ ಸಾಮಾನ್ಯವಾಗಿ ಬಂದ್ ಆಗಿರುತ್ತದೆ, ಬೇಕಾದವರು ಕೇಳಿ ತೆರೆಸಿಕೊಳ್ಳಬೇಕು. ಕಾರ್ಡನ್ನು ಮುಟ್ಟಿಸಿ ಹಣ ಕೊಡುವ ಸೌಲಭ್ಯವೂ ಬೇರೆಯಾಗಿ ಇರುತ್ತದೆ, ಅದನ್ನೂ ಬ್ಯಾಂಕಿನ ಆ್ಯಪಿನಲ್ಲಿ ಆನ್ ಮಾಡಿಸಿ. ಜೊತೆಗೆ ಪ್ರಯಾಣ ವಿಮೆ ಖಂಡಿತ ಬೇಕು. ಪ್ರವಾಸಿ ವೀಸಾದವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಯೂ ಹೆಚ್ಚಿನ ಚಿಕಿತ್ಸೆಗೆ ಬಿಲ್ ಹಾಕುತ್ತದೆ.

ಹಂತ 2: ದಿನ ಗೊತ್ತು ಮಾಡುವುದು

ಲಂಡನ್ನಿನಲ್ಲಿ ದಿನದ ಉದ್ದ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ದಾವಣಗೆರೆಯಲ್ಲಿ ವರ್ಷವಿಡೀ ಸಂಜೆ ಆರು, ಆರೂವರೆ, ಹೆಚ್ಚೆಂದರೆ ಏಳರ ಆಸುಪಾಸಿನಲ್ಲಿ ಹೊತ್ತು ಮುಳುಗುತ್ತದೆ. ಅಲ್ಲಿ ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತು ಗಂಟೆಗೂ ಬಿಸಿಲು, ಡಿಸೆಂಬರ್ ನಡುವಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಕತ್ತಲು. ಇಲ್ಲಿ ಹೇಳಿರುವ ದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಚೆನ್ನಾಗಿ ಕೂಡುತ್ತದೆ. ಚಳಿಗಾಲದಲ್ಲಾದರೆ ಕೊನೆಯಲ್ಲಿ ದೋಣಿ ಹತ್ತಿ ಗ್ರೀನಿಚ್‌ಗೆ ಹೋಗುವ ಭಾಗವನ್ನು ಸುಮ್ಮನೆ ಕೈಬಿಡಿ.

ಶನಿವಾರ-ಭಾನುವಾರ ರೈಲು ಮಾರ್ಗಗಳ ದುರಸ್ತಿ ಕೆಲಸ ಇಟ್ಟುಕೊಳ್ಳುವುದು ಅಲ್ಲಿಯ ಪದ್ಧತಿ. ಒಂದಿಡೀ ಮಾರ್ಗ ಬಂದ್ ಆಗಿರಬಹುದು. ಶುಕ್ರವಾರ ರಾತ್ರಿ ಲಂಡನ್ ಸಾರಿಗೆ ಸಂಸ್ಥೆಯಾದ ಟಿಎಫ್‌ಎಲ್‌ನ ಆ್ಯಪಿನಲ್ಲಿ ನೋಡಿಕೊಳ್ಳುವುದು ಅಳಿಯನ ಜವಾಬ್ದಾರಿ. ಶಾಲಾ ರಜೆಯ ವಾರಗಳಲ್ಲಿ ಮ್ಯೂಸಿಯಂಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗ ಸಾಧ್ಯವಾದರೆ ಬೇರೆ ವಾರ ಹೊರಡಿ.

ಮಳೆಗೆ ಹೆದರಿ ದಿನ ಮುಂದೂಡಬೇಡಿ. ಅಲ್ಲಿಯ ಮಳೆ ಹೆಚ್ಚಾಗಿ ನಮ್ಮ ಮುಂಗಾರಿನಂತೆ ಸುರಿಯುವುದಿಲ್ಲ, ಜಿನುಗುತ್ತದೆ, ನಿಲ್ಲುತ್ತದೆ, ಮತ್ತೆ ಜಿನುಗುತ್ತದೆ. ಸೇತುವೆಗಳ ಮೇಲೆ ಗಾಳಿ ಜೋರು, ಕೊಡೆ ಮಗುಚಿಕೊಳ್ಳುತ್ತದೆ. ತಲೆಗೆ ಟೋಪಿಯಿರುವ ಜಾಕೆಟ್ ಮೇಲು.

ಹಂತ 3: ಹಿಂದಿನ ರಾತ್ರಿ

ಬುತ್ತಿ ಕಟ್ಟಿ. ದುಡ್ಡು ಉಳಿಸುವುದಕ್ಕೆ ಮಾತ್ರ ಅಲ್ಲ, ಹಸಿದ ಮಗುವನ್ನು ಕಟ್ಟಿಕೊಂಡು ಹೋಟೆಲಿನ ಕ್ಯೂನಲ್ಲಿ ನಿಲ್ಲುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಚಪಾತಿಗೆ ಚಟ್ನಿಪುಡಿ ಹಚ್ಚಿ ಸುರುಳಿ ಮಾಡಿಟ್ಟರೆ ಕೈಗೆ ಅಂಟುವುದಿಲ್ಲ. ಚಿತ್ರಾನ್ನ, ಮೇಲೊಂದು ಡಬ್ಬಿ ಖಾರ ಮಂಡಕ್ಕಿ. ಒಗ್ಗರಣೆಗೆ ಬೆಳ್ಳುಳ್ಳಿ ಕಡಿಮೆ ಇರಲಿ, ಮುಚ್ಚಿದ ರೈಲಿನಲ್ಲಿ ಡಬ್ಬಿ ತೆಗೆಯದಿದ್ದರೆ ಇನ್ನೂ ಒಳ್ಳೆಯದು. ನೀರು ಕೊಳ್ಳಬೇಕಿಲ್ಲ: ನಲ್ಲಿ ನೀರನ್ನೇ ಎಲ್ಲರೂ ಕುಡಿಯುತ್ತಾರೆ, ಮ್ಯೂಸಿಯಂಗಳಲ್ಲಿ ಬಾಟ್ಲಿ ತುಂಬಿಸಿಕೊಳ್ಳಬಹುದು.

ಬಿಪಿ, ಶುಗರ್ ಮಾತ್ರೆಗಳನ್ನು ಆ ದಿನಕ್ಕೆ ಬೇಕಾದಷ್ಟು ಬೇರೆ ಪೊಟ್ಟಣ ಮಾಡಿ ಅಜ್ಜನ ಜೇಬಿನಲ್ಲೇ ಇಡಿ, ಮಗಳ ಬ್ಯಾಗಿನಲ್ಲಿ ಬೇಡ. ಶುಗರ್ ಇದ್ದವರ ಜೇಬಿನಲ್ಲಿ ಎರಡು ಪೆಪ್ಪರ್‌ಮಿಂಟೂ ಇರಲಿ.

ಇನ್ನೊಂದು ಚೀಟಿ ಬೇಕು. ಅಜ್ಜ, ಅಜ್ಜಿ, ಮಕ್ಕಳು, ಪ್ರತಿಯೊಬ್ಬರ ಜೇಬಿನಲ್ಲೂ ಮಗಳ ಫೋನ್ ನಂಬರ್, ಮನೆ ಸಂಖ್ಯೆ, ಪೋಸ್ಟ್‌ಕೋಡ್ ಬರೆದ ಕಾಗದ. ನಮ್ಮ 577001 ಎಂಬ ಪಿನ್‌ಕೋಡಿನಲ್ಲಿ ದಾವಣಗೆರೆಯ ದೊಡ್ಡ ಭಾಗವೇ ಬರುತ್ತದೆ. ಅಲ್ಲಿಯ ಪೋಸ್ಟ್‌ಕೋಡ್ ಒಂದು ರಸ್ತೆಯ ಹತ್ತಿಪ್ಪತ್ತು ಮನೆಗಳಿಗೆ ಮಾತ್ರ ಸೇರಿದ್ದು. ಮನೆ ಸಂಖ್ಯೆ ಮತ್ತು ಅದು, ಎರಡಿದ್ದರೆ ಯಾವ ಟ್ಯಾಕ್ಸಿಯವನಾದರೂ ಬಾಗಿಲಿಗೇ ತಂದು ಬಿಡುತ್ತಾನೆ. ಇಂಗ್ಲಿಷ್ ಬರದ ಅಜ್ಜಿಗೆ ಆ ಚೀಟಿಯೇ ಬಾಯಿ. ತುರ್ತಿಗೆ 999, ತುರ್ತಲ್ಲದ ಕಾಯಿಲೆ-ಕಸಾಲೆಗೆ 111 ಎಂದು ಅದರ ಕೆಳಗೆ ಬರೆಯಿರಿ.

ಹಂತ 4: ಬಸ್ಸು, ಟ್ಯೂಬು, ಟ್ಯಾಪು

ಲಂಡನ್ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ಕಾರ್ಡನ್ನು ಹಳದಿ ವೃತ್ತವಿರುವ ಯಂತ್ರಕ್ಕೆ ಮುಟ್ಟಿಸಬೇಕು. ಮೊದಲೇ ಹಣ ತುಂಬಿಸಿಕೊಳ್ಳುವ, ಅಲ್ಲಿಯ ಸಾರಿಗೆಯ ಆಯ್ಸ್ಟರ್ ಕಾರ್ಡ್ ಆದರೂ ಸರಿ, ಬ್ಯಾಂಕ್ ಕಾರ್ಡ್ ಆದರೂ ಸರಿ. ನೆನಪಿಡಬೇಕಾದ್ದು ಇಷ್ಟು: ಒಬ್ಬರಿಗೆ ಒಂದು ಕಾರ್ಡು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ಟ್ಯೂಬಿನಲ್ಲಿ, ಅಂದರೆ ಸುರಂಗ ರೈಲಿನಲ್ಲಿ, ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅದೇ ಕಾರ್ಡನ್ನು ಮುಟ್ಟಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಬಸ್ಸಿನ ಟಿಕೆಟ್ ಎರಡು ಪೌಂಡಿನ ಒಳಗೇ, ಮತ್ತು ಮೊದಲ ಟ್ಯಾಪಿನಿಂದ ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಮತ್ತೆ ದುಡ್ಡಿಲ್ಲ. ಬಸ್ಸು, ಟ್ಯೂಬಿಗೆ ದಿನಕ್ಕೆ ಒಂದು ಮಿತಿ ಇದೆ. ಅದು ಮುಟ್ಟಿದ ಮೇಲೆ ಎಷ್ಟು ಓಡಾಡಿದರೂ ಕಾರ್ಡಿನಿಂದ ಕಡಿತವಾಗುವುದಿಲ್ಲ.

ಐದರಿಂದ ಹತ್ತು ವರ್ಷದ ಮಕ್ಕಳು ಟಿಕೆಟ್ ಕೊಟ್ಟ ದೊಡ್ಡವರ ಜೊತೆ ಉಚಿತವಾಗಿ ಹೋಗಬಹುದು, ಅದಕ್ಕಿಂತ ಚಿಕ್ಕವರಿಗೆ ಲೆಕ್ಕವೇ ಇಲ್ಲ. ಹನ್ನೊಂದರಿಂದ ಹದಿನೈದರವರಿಗೆ ಪ್ರವಾಸಿ ರಿಯಾಯಿತಿ ಇದೆ, ನಿಲ್ದಾಣದ ಸಿಬ್ಬಂದಿಗೆ ಹೇಳಿ ಆಯ್ಸ್ಟರ್ ಕಾರ್ಡಿಗೆ ಹಾಕಿಸಿಕೊಳ್ಳಿ. ಅರವತ್ತು ದಾಟಿದವರ ಉಚಿತ ಪಾಸ್ ಅಲ್ಲಿಯ ನಿವಾಸಿಗಳಿಗೆ ಮಾತ್ರ. ಕೆಎಸ್‌ಆರ್‌ಟಿಸಿಯ ಹಿರಿಯ ನಾಗರಿಕರ ಕಾರ್ಡು ತೋರಿಸಿ ಪ್ರಯೋಜನವಿಲ್ಲ, ಅಮ್ಮಂದಿರಿಗೆ ಶಕ್ತಿ ಯೋಜನೆಯೂ ಇಲ್ಲ.

ಮೊಣಕಾಲು ನೋವಿದ್ದವರಿಗೆ ಟ್ಯೂಬಿಗಿಂತ ಬಸ್ಸು ವಾಸಿ. ಬಸ್ಸುಗಳೆಲ್ಲ ತಗ್ಗು ನೆಲದವು, ಮಗುವಿನ ಸ್ಟ್ರಾಲರ್ ಮಡಚದೆ ಹತ್ತಿಸಬಹುದು. ಟ್ಯೂಬಿನ ಹಳೆಯ ನಿಲ್ದಾಣಗಳಲ್ಲಿ ಲಿಫ್ಟೇ ಇರುವುದಿಲ್ಲ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಬೇಕು, ಎಡಭಾಗ ಅವಸರದವರದ್ದು. ನಮ್ಮವರು ಸಾಲಾಗಿ ಅಡ್ಡ ನಿಂತು ಮಾತಾಡುತ್ತಾ ಹೋಗುವಾಗ ಹಿಂದಿನಿಂದ ಕೇಳುವ ‘ಎಕ್ಸ್‌ಕ್ಯೂಸ್ ಮಿ’ ಕ್ಷಮೆ ಕೇಳುವುದಲ್ಲ, ಗದರುವುದು.

ರಸ್ತೆಯಲ್ಲಿ ವಾಹನಗಳು ನಮ್ಮಂತೆ ಎಡಕ್ಕೇ ಓಡುತ್ತವೆ, ಅಷ್ಟು ನಿರಾಳ. ಒಂದು ಎಚ್ಚರಿಕೆ: ಫುಟ್‌ಪಾತಿನ ಅಂಚಿನಲ್ಲಿ ನಿಂತು ಫೋನ್ ಚಾಚಿಕೊಂಡು ದಾರಿ ಹುಡುಕಬೇಡಿ. ಸೈಕಲ್ಲು, ಎಲೆಕ್ಟ್ರಿಕ್ ಬೈಕಿನಲ್ಲಿ ಬಂದು ಫೋನ್ ಕಿತ್ತುಕೊಂಡು ಹೋಗುವುದು ಅಲ್ಲಿ ಸಾಮಾನ್ಯ ಕಳ್ಳತನ. ಗೋಡೆಯ ಕಡೆಗೆ ಸರಿದು ನೋಡಿ.

ಹಂತ 5: ಬೆಳಿಗ್ಗೆ ಹತ್ತು, ಟಿಪ್ಪುವಿನ ಹುಲಿ

ಮೊದಲ ಜಾಗ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಪ್ರವೇಶ ಉಚಿತ, ಬಾಗಿಲು ತೆರೆಯುವುದು ಹತ್ತಕ್ಕೆ. ಹತ್ತಕ್ಕೇ ಅಲ್ಲಿರಿ, ಹನ್ನೊಂದಾದರೆ ಜನ ತುಂಬುತ್ತಾರೆ. ನಿಲ್ದಾಣದಿಂದ ಮ್ಯೂಸಿಯಮ್ಮಿನ ಕಡೆಗೆ ನೆಲದಡಿಯ ನಡಿಗೆ ಸುರಂಗವಿದೆ, ಮಳೆಯಿದ್ದರೂ ನೆನೆಯದೆ ಹೋಗಬಹುದು. ನಡೆಯಲು ಕಷ್ಟವಿದ್ದವರಿಗೆ ಒಳಗೆ ಗಾಲಿಕುರ್ಚಿ ಉಚಿತವಾಗಿ ಕೊಡುತ್ತಾರೆ. ಕೇಳಲು ಸಂಕೋಚ ಬೇಡ. ಅಪ್ಪಂದಿರು ‘ನನಗೇನಾಗೇತಿ’ ಎನ್ನುತ್ತಾರೆ, ಆದರೂ ಕೇಳಿ ಇಟ್ಟುಕೊಳ್ಳಿ.

ಅಷ್ಟು ದೊಡ್ಡ ಮ್ಯೂಸಿಯಮ್ಮಿನಲ್ಲಿ ನೀವು ನೋಡಬೇಕಾದ್ದು ಒಂದೇ ವಸ್ತು: ಟಿಪ್ಪುವಿನ ಹುಲಿ. ಮರದಲ್ಲಿ ಮಾಡಿ ಬಣ್ಣ ಬಳಿದ, ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ದೊಡ್ಡ ಹುಲಿ, ಮಲಗಿರುವ ಯುರೋಪಿಯನ್ ಒಬ್ಬನ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದಲ್ಲೊಂದು ಹಿಡಿಕೆ. ಅದನ್ನು ತಿರುಗಿಸಿದರೆ ಹುಲಿ ಗುರುಗುಟ್ಟುವ, ಮನುಷ್ಯ ನರಳುವ ಸದ್ದು ಬರುವಂತೆ ಒಳಗೆ ತಿದಿ ಮತ್ತು ಕೊಳವೆಗಳನ್ನು ಇಟ್ಟಿದ್ದಾರೆ. ಹೊಟ್ಟೆಯ ಪಕ್ಕದ ಮುಚ್ಚಳ ತೆರೆದರೆ ಹಾರ್ಮೋನಿಯಮ್ಮಿನಂತೆ ಬಾರಿಸುವ ಕೀಲಿಮಣೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಇದನ್ನು ಹೊತ್ತು ತಂದರು. ಮೊದಲು ಕಂಪನಿಯ ಕಚೇರಿಯಲ್ಲೇ ಜನರಿಗೆ ತೋರಿಸುತ್ತಿದ್ದರು, 1880ರಲ್ಲಿ ಈ ಮ್ಯೂಸಿಯಮ್ಮಿಗೆ ಬಂತು. ಕಂಪನಿಯ ಕಚೇರಿಯಲ್ಲಿದ್ದ ಕಾಲದಲ್ಲಿ ಬಂದ ಬಂದವರೆಲ್ಲ ಹಿಡಿಕೆ ತಿರುಗಿಸಿ ಸವೆಸಿದರು. ಈಗ ಗಾಜಿನೊಳಗಿದೆ, ಮುಟ್ಟುವಂತಿಲ್ಲ.

ಮೊಮ್ಮಕ್ಕಳಿಗೆ ಇತಿಹಾಸ ಹೇಳಲು ಅಜ್ಜನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಚಿತ್ರದುರ್ಗದ ಅಜ್ಜನಾದರೆ ಕಥೆ ಇನ್ನೂ ಹಿಂದಿನಿಂದ ಶುರುವಾಗುತ್ತದೆ. ಟಿಪ್ಪುವಿನ ತಂದೆ ಹೈದರಾಲಿ ದುರ್ಗವನ್ನು ಮುತ್ತಿದ್ದು, ಕಹಳೆಯವನ ಹೆಂಡತಿ ಓಬವ್ವ ಕಿಂಡಿಯ ಬಾಯಲ್ಲಿ ಒನಕೆ ಹಿಡಿದು ನಿಂತದ್ದು, ಕೊನೆಗೆ 1779ರಲ್ಲಿ ಕೋಟೆ ಕೈಬಿಟ್ಟು ಮದಕರಿ ನಾಯಕ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದದ್ದು. ಇಪ್ಪತ್ತು ವರ್ಷದ ಮೇಲೆ ಅದೇ ಶ್ರೀರಂಗಪಟ್ಟಣ ಲೂಟಿಯಾಗಿ ಈ ಹುಲಿ ಹಡಗು ಹತ್ತಿದ್ದು. ಲಂಡನ್ನಿನ ಶಾಲೆಯಲ್ಲಿ ಈ ಪಾಠ ಬರುವುದಿಲ್ಲ, ಅಜ್ಜನೇ ಹೇಳಬೇಕು. ಗಟ್ಟಿಯಾಗಿ ಹೇಳಬಹುದು, ಕನ್ನಡ ಕೇಳಿ ಯಾರೂ ಬೇಜಾರಾಗುವುದಿಲ್ಲ.

ಹೊರಡುವ ಮೊದಲು ಮಾತ್ರ ಒಂದು ಕೆಲಸ ಮಾಡಿ: ಮ್ಯೂಸಿಯಮ್ಮಿನ ಜಾಲತಾಣದಲ್ಲಿ ಹುಲಿ ಆ ದಿನ ಪ್ರದರ್ಶನದಲ್ಲಿದೆಯೇ ಎಂದು ಖಚಿತ ಮಾಡಿಕೊಳ್ಳಿ. ದಕ್ಷಿಣ ಏಷ್ಯಾ ಗ್ಯಾಲರಿಯನ್ನು ಹೊಸದಾಗಿ ಕಟ್ಟುವ ಯೋಜನೆ ಇರುವುದರಿಂದ ವಸ್ತುಗಳು ಜಾಗ ಬದಲಿಸುತ್ತವೆ. ಹುಲಿ ಇಲ್ಲವೆಂದಾದರೆ ರಸ್ತೆ ದಾಟಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಹೋಗಿ. ಅದೂ ಉಚಿತ, ಆದರೆ ವಾರಾಂತ್ಯಕ್ಕೆ ಸಮಯದ ಟಿಕೆಟ್ ಮೊದಲೇ ಕಾದಿರಿಸಿದರೆ ಕ್ಯೂ ತಪ್ಪುತ್ತದೆ. ದೊಡ್ಡ ಹಜಾರದ ಸೂರಿನಿಂದ ತೂಗಿರುವ ನೀಲಿ ತಿಮಿಂಗಿಲದ ಅಸ್ಥಿಪಂಜರ 25 ಮೀಟರ್ ಉದ್ದದ್ದು. ಅದನ್ನೂ ಡೈನೋಸಾರನ್ನೂ ನೋಡಿ ಹೊರಬಂದುಬಿಡಿ. ಎರಡೂ ಮ್ಯೂಸಿಯಂ ಒಂದೇ ಬೆಳಿಗ್ಗೆ ಬೇಡ.

ಹೊರಡುವ ಮುನ್ನ ಎಲ್ಲರೂ ಟಾಯ್ಲೆಟ್ಟಿಗೆ. ಬಂದಿಲ್ಲ ಎಂದವರೂ ಹೋಗಲಿ. ಬೇಸಿಗೆಯಲ್ಲಿ ಮ್ಯೂಸಿಯಮ್ಮಿನ ನಡುವಿನ ಅಂಗಳದ ಕೊಳದಲ್ಲಿ ಮಕ್ಕಳು ಕಾಲಾಡಿಸುತ್ತಾರೆ. ನಿಮ್ಮ ಮಗು ಖಂಡಿತ ಇಳಿಯುತ್ತದೆ, ಒಂದು ಜೊತೆ ಬಟ್ಟೆ ಜಾಸ್ತಿ ಇರಲಿ.

ಹಂತ 6: ಹನ್ನೆರಡರ ಗಂಟೆ

ಹನ್ನೊಂದೂಕಾಲಿಗೆ ಹೊರಟರೆ ಡಿಸ್ಟ್ರಿಕ್ಟ್ ಅಥವಾ ಸರ್ಕಲ್ ಮಾರ್ಗದ ರೈಲು ಹತ್ತು ನಿಮಿಷದಲ್ಲಿ ವೆಸ್ಟ್‌ಮಿನ್‌ಸ್ಟರ್ ಮುಟ್ಟಿಸುತ್ತದೆ. ಆ ನಿಲ್ದಾಣದಲ್ಲಿ ಲಿಫ್ಟ್ ಇದೆ. ಮೇಲೆ ಬಂದರೆ ತಲೆಯ ಮೇಲೇ ಗಡಿಯಾರದ ಗೋಪುರ. ಬಿಗ್ ಬೆನ್ ಎನ್ನುವುದು ಒಳಗಿನ ದೊಡ್ಡ ಗಂಟೆಯ ಹೆಸರು, 96 ಮೀಟರ್ ಎತ್ತರದ ಗೋಪುರಕ್ಕೆ 2012ರಿಂದ ಎಲಿಜಬೆತ್ ಗೋಪುರ ಎನ್ನುತ್ತಾರೆ. ಹನ್ನೆರಡಕ್ಕೆ ಬನ್ನಿ ಎಂದು ಹೇಳಿದ್ದು ಇದಕ್ಕೇ: ಬೇರೆ ಯಾವ ಹೊತ್ತಿಗೆ ಬಂದರೂ ಇಷ್ಟು ಹೊಡೆತ ಕೇಳಿಸುವುದಿಲ್ಲ. ಮಕ್ಕಳು ಎಣಿಸಲಿ.

ಎದುರಿನ ಪಾರ್ಲಿಮೆಂಟ್ ಚೌಕದಲ್ಲಿ ಗಾಂಧೀಜಿಯ ಪ್ರತಿಮೆ ಇದೆ, 2015ರ ಮಾರ್ಚಿನಲ್ಲಿ ನಿಲ್ಲಿಸಿದ್ದು. ಅದೇ ಚೌಕದಲ್ಲಿ ಚರ್ಚಿಲ್ ಕೂಡ ನಿಂತಿದ್ದಾನೆ. ಇಬ್ಬರನ್ನೂ ನೋಡಿದ ಅಜ್ಜಂದಿರು ತಮ್ಮಷ್ಟಕ್ಕೆ ನಗುತ್ತಾರೆ.

ಅರಮನೆಯ ಮುಂದಿನ ಕಾವಲುಗಾರರ ಪಹರೆ ಬದಲಾವಣೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಚೆನ್ನಾಗಿ ಕಾಣಬೇಕಾದರೆ ಒಂದು ಗಂಟೆ ಮೊದಲೇ ಹೋಗಿ ಕಂಬಿಗೆ ಅಂಟಿ ನಿಲ್ಲಬೇಕು. ಅಜ್ಜಿಗೂ ಆಗದು, ಮಗುವಿಗೂ ಆಗದು. ಮಧ್ಯವಯಸ್ಸಿನವರು ಮಾತ್ರ ಇನ್ನೊಂದು ದಿನ ಹೋಗಿ ಬರಲಿ.

ಹಂತ 7: ಲ್ಯಾಂಬೆತ್ ದಂಡೆಯ ಬಸವಣ್ಣ

ಇಲ್ಲಿಂದ ಪಾರ್ಲಿಮೆಂಟಿನ ಗೋಡೆಯ ಪಕ್ಕದಲ್ಲೇ ದಕ್ಷಿಣಕ್ಕೆ, ಮಿಲ್‌ಬ್ಯಾಂಕ್ ರಸ್ತೆಯಲ್ಲಿ ನಡೆದರೆ ಹತ್ತು-ಹದಿನೈದು ನಿಮಿಷಕ್ಕೆ ಲ್ಯಾಂಬೆತ್ ಸೇತುವೆ. ಸೇತುವೆಗೆ ಕೆಂಪು ಬಣ್ಣ ಏಕೆ ಎಂದು ಮಕ್ಕಳನ್ನು ಕೇಳಿ. ಅದು ಪಾರ್ಲಿಮೆಂಟಿನ ಮೇಲ್ಮನೆಯ ಕಡೆಗಿರುವ ಸೇತುವೆ, ಆ ಸದನದ ಆಸನಗಳು ಕೆಂಪು. ಆ ತುದಿಯ ವೆಸ್ಟ್‌ಮಿನ್‌ಸ್ಟರ್ ಸೇತುವೆ ಹಸಿರು, ಕೆಳಮನೆಯ ಆಸನಗಳ ಬಣ್ಣ.

ಸೇತುವೆ ದಾಟಿದ ಮೇಲೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ. ಲ್ಯಾಂಬೆತ್ತಿನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ಬಂದ ಪ್ರತಿಮೆ ಇದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಹನ್ನೆರಡನೆಯ ಶತಮಾನದ ಅನುಭವ ಮಂಟಪದವರನ್ನು ಬ್ರಿಟಿಷ್ ಪಾರ್ಲಿಮೆಂಟಿಗೆ ಇಷ್ಟು ಹತ್ತಿರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ನಮ್ಮ ಕಡೆಯ ಪ್ರವಾಸಿ ಕಂಪನಿಗಳ ಪಟ್ಟಿಯಲ್ಲಿ ಇದು ಇದ್ದರೂ ಬಸ್ಸು ನಿಲ್ಲಿಸುವುದು ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ. ನೀವು ಅವಸರ ಮಾಡಬೇಡಿ. ದಾವಣಗೆರೆಯ ಅಮ್ಮಂದಿರು ಆ ದಿನ ಮನಸ್ಸು ತುಂಬಿ ನೋಡುವ ಜಾಗ ಇದೇ, ಮಕ್ಕಳು ಮೊದಲೇ ಹೇಳದೆ ಕರೆತಂದರಂತೂ ಕಣ್ಣು ತುಂಬುತ್ತದೆ. ಕೈಮುಗಿಯಬಹುದು, ಹೂವಿಡಬಹುದು, ಗೊತ್ತಿದ್ದ ವಚನ ಹೇಳಬಹುದು. ಊದಿನಕಡ್ಡಿ, ಕರ್ಪೂರ, ತೆಂಗಿನಕಾಯಿ ಬೇಡ, ಅದು ಸಾರ್ವಜನಿಕ ಉದ್ಯಾನ. ಊರಿಗೆ ವಿಡಿಯೋ ಕಾಲ್ ಮಾಡಬೇಕಾದರೆ ಇಲ್ಲಿಂದಲೇ ಮಾಡಿ. ಬೇಸಿಗೆಯಲ್ಲಿ ನಮ್ಮ ಗಡಿಯಾರ ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಅಲ್ಲಿ ಮಧ್ಯಾಹ್ನ ಒಂದಾದರೆ ದಾವಣಗೆರೆಯಲ್ಲಿ ಸಂಜೆಯ ಚಹಾ ಹೊತ್ತು, ಎಲ್ಲರೂ ಮನೆಯಲ್ಲಿರುತ್ತಾರೆ.

ಸೇತುವೆಯ ತುದಿಯಲ್ಲೇ ಹಳೆಯ ಚರ್ಚೊಂದರಲ್ಲಿ ಗಾರ್ಡನ್ ಮ್ಯೂಸಿಯಂ ಇದೆ. ಅದರ ಕೆಫೆಯಲ್ಲಿ ಒಂದು ಚಹಾ ಕೊಂಡರೆ ಟಾಯ್ಲೆಟ್ಟಿನ ಚಿಂತೆಯೂ ತೀರುತ್ತದೆ. ಚಹಾದ ಬೆಲೆಯನ್ನು ರೂಪಾಯಿಗೆ ಗುಣಿಸಬೇಡಿ. ಗುಣಾಕಾರ ಮಾಡುವ ಅಪ್ಪಂದಿರಿಗೆ ಇಡೀ ದಿನದ ಲೆಕ್ಕವನ್ನು ಶುಕ್ರವಾರವೇ ಹೇಳಿ ಮುಗಿಸಿರಿ: ಮ್ಯೂಸಿಯಂ ಉಚಿತ, ಪ್ರತಿಮೆ ಉಚಿತ, ಊಟ ಮನೆಯದು. ಖರ್ಚಾಗುವುದು ಬಸ್ಸು, ರೈಲು ಮತ್ತು ಸಂಜೆಯ ದೋಣಿಗೆ.

ಹಂತ 8: ಊಟ, ನದಿಯ ಎದುರು

ಈಗ ನದಿ ನಿಮ್ಮ ಎಡಕ್ಕಿರಲಿ, ದಂಡೆಯ ಕಾಲುದಾರಿ ಹಿಡಿದು ಉತ್ತರಕ್ಕೆ ಬನ್ನಿ. ಸೇಂಟ್ ಥಾಮಸ್ ಆಸ್ಪತ್ರೆಯ ಹಿಂದಿನ ಈ ದಾರಿಯಲ್ಲಿ ಕಾರು-ಬೈಕುಗಳಿಲ್ಲ, ಏರಿಳಿತವಿಲ್ಲ. ಆಚೆ ದಂಡೆಯಲ್ಲಿ ಪಾರ್ಲಿಮೆಂಟ್ ಪೂರ್ತಿ ಉದ್ದಕ್ಕೆ ಕಾಣುತ್ತದೆ. ದುಡ್ಡು ಕೊಟ್ಟರೂ ಇದಕ್ಕಿಂತ ಒಳ್ಳೆಯ ನೋಟ ಸಿಗದು. ಬೆಂಚುಗಳಿವೆ, ಡಬ್ಬಿ ಬಿಚ್ಚಿ.

ಬೆಂಚಿನ ಹಿಂದಿನ ಗೋಡೆಯ ತುಂಬ ಕೈಯಲ್ಲಿ ಬರೆದ ಕೆಂಪು ಹೃದಯಗಳು, ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು, ಅವರ ಮನೆಯವರು, ಸ್ವಯಂಸೇವಕರು 2021ರ ಮಾರ್ಚಿನಿಂದ ಬರೆದದ್ದು. ಹೆಸರುಗಳನ್ನು ಓದುತ್ತಾ ಹೋದರೆ ನಮ್ಮ ದೇಶದ ಹೆಸರುಗಳೂ ಸಿಗುತ್ತವೆ. ಗೋಡೆಗೆ ಒರಗಿ ಕೂತು ತಿನ್ನಬೇಡಿ, ನದಿಯ ಕಡೆಯ ಬೆಂಚಿನಲ್ಲಿ ಕೂತುಕೊಳ್ಳಿ.

ಮಂಡಕ್ಕಿ ಚೆಲ್ಲಿದರೆ ಪಾರಿವಾಳ, ಕಡಲಕ್ಕಿಗಳು ಮುತ್ತುತ್ತವೆ. ಅವುಗಳಿಗೆ ಹಾಕಬೇಡಿ ಎಂದು ಮಕ್ಕಳಿಗೆ ಹೇಳಬೇಕು, ಅಜ್ಜನಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕು.

ಹಂತ 9: ಮೂರು ಗಂಟೆಯ ಪಂಚಾಯ್ತಿ

ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಬುಡ ದಾಟಿದರೆ ಲಂಡನ್ ಐ, 135 ಮೀಟರಿನ ಚಕ್ರ. ಒಂದು ಸುತ್ತಿಗೆ ಅರ್ಧ ಗಂಟೆ, ಕ್ಯೂ ಅದಕ್ಕಿಂತ ಹೆಚ್ಚು, ಟಿಕೆಟ್ ದುಬಾರಿ. ನನ್ನ ಮಾತು ಕೇಳುವುದಾದರೆ ಕೆಳಗೆ ನಿಂತು ನೋಡಿದರೆ ಸಾಕು. ಪಕ್ಕದ ಜುಬಿಲಿ ಉದ್ಯಾನದಲ್ಲಿ ಮಕ್ಕಳು ಹತ್ತಿ ಇಳಿಯುವ ಆಟದ ಜಾಗವಿದೆ. ಅರ್ಧ ಗಂಟೆ ಅಲ್ಲಿ ಬಿಟ್ಟರೆ ಬೆಳಗಿನಿಂದ ‘ಸುಮ್ನಿರು, ಮುಟ್ಟಬ್ಯಾಡ’ ಎಂದು ಹೇಳಿಸಿಕೊಂಡದ್ದೆಲ್ಲ ಇಳಿದುಹೋಗುತ್ತದೆ.

ಆಮೇಲೆ ಇನ್ನೂ ಸ್ವಲ್ಪ ಮುಂದೆ ರಾಯಲ್ ಫೆಸ್ಟಿವಲ್ ಹಾಲ್. 1951ರಲ್ಲಿ ಕಟ್ಟಿದ ಸಂಗೀತ ಸಭಾಂಗಣ ಇದು, ಆದರೆ ಅದರ ಒಳ ಹಜಾರಗಳಿಗೆ ಟಿಕೆಟ್ ಇಲ್ಲದೆ ಯಾರು ಬೇಕಾದರೂ ಹೋಗಿ ಕೂರಬಹುದು. ಮೆತ್ತನೆಯ ಕುರ್ಚಿ, ಬೆಚ್ಚಗಿನ ಒಳಾಂಗಣ, ಲಿಫ್ಟು, ಉಚಿತ ಟಾಯ್ಲೆಟ್ಟು. ಲಂಡನ್ನಿನಲ್ಲಿ ಹಿರಿಯರೊಂದಿಗೆ ಓಡಾಡುವವರಿಗೆ ಇಂಥದ್ದೊಂದು ಜಾಗ ಗೊತ್ತಿದ್ದರೆ ಅರ್ಧ ಗೆದ್ದಂತೆ. ಅಜ್ಜಿ ಅರ್ಧ ಗಂಟೆ ಕಣ್ಣು ಮುಚ್ಚಲಿ.

ಮುಂದೇನು ಎಂಬುದನ್ನು ಇಲ್ಲಿ ಕೂತು ತೀರ್ಮಾನಿಸಿ, ಮನೆಯಲ್ಲಿ ಮೊದಲೇ ತೀರ್ಮಾನಿಸಬೇಡಿ. ಒಬ್ಬೊಬ್ಬರನ್ನೂ ಕೇಳಿ. ‘ನನ್ನ ಸಲುವಾಗಿ ನೀವು ಬಿಡಬ್ಯಾಡ್ರಿ’ ಎಂದು ಅಮ್ಮ ಹೇಳಿದರೆ ಆಕೆಗೆ ಸುಸ್ತಾಗಿದೆ ಎಂದೇ ಅರ್ಥ. ಆಗ ವಾಟರ್‌ಲೂ ನಿಲ್ದಾಣ ಐದು ನಿಮಿಷದ ದೂರದಲ್ಲಿದೆ, ಮನೆಗೆ ಹೊರಡಿ. ಎಲ್ಲರಲ್ಲೂ ಕಸುವಿದ್ದರೆ ದೋಣಿ.

ಹಂತ 10: ದೋಣಿಯಲ್ಲಿ ಗ್ರೀನಿಚ್

ಲಂಡನ್ ಐ ಬುಡದ ಕಟ್ಟೆಯಿಂದ ನದಿ ಬಸ್ಸು ಹೊರಡುತ್ತದೆ. ಇದಕ್ಕೂ ಅದೇ ಕಾರ್ಡು ಮುಟ್ಟಿಸಬಹುದು, ಆದರೆ ದರ ಬಸ್ಸು-ಟ್ಯೂಬಿಗಿಂತ ಹೆಚ್ಚು, ದಿನದ ಮಿತಿಯ ಲೆಕ್ಕಕ್ಕೂ ಸೇರುವುದಿಲ್ಲ. ಆ ಇಡೀ ದಿನದಲ್ಲಿ ದುಡ್ಡು ಕೊಡಲು ಯೋಗ್ಯವಾದದ್ದು ಇದೊಂದೇ ಎನ್ನುತ್ತೇನೆ. ದೋಣಿಯೊಳಗೆ ಕೂರಲು ಕುರ್ಚಿ, ಚಹಾ, ಟಾಯ್ಲೆಟ್ ಎಲ್ಲ ಇದೆ. ಕೂತಲ್ಲಿಂದಲೇ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ, ಲಂಡನ್ ಸೇತುವೆ, ಕೊಹಿನೂರ್ ಇಟ್ಟಿರುವ ಟವರ್ ಕೋಟೆ, 1894ರ ಟವರ್ ಸೇತುವೆ ಒಂದೊಂದಾಗಿ ಬಂದು ಹೋಗುತ್ತವೆ. ಟವರ್ ಸೇತುವೆಯ ಅಡಿಯಲ್ಲಿ ಹಾಯುವಾಗ ದೋಣಿಯ ಹಿಂಬದಿಯ ತೆರೆದ ಜಾಗದಲ್ಲಿರಿ, ಜಾಕೆಟ್ ಹಾಕಿಕೊಂಡು.

ಮುಕ್ಕಾಲು ಗಂಟೆಯ ಹೊತ್ತಿಗೆ ಗ್ರೀನಿಚ್. ಇಳಿದ ಕೂಡಲೇ 1869ರ ಚಹಾ ಸಾಗಿಸುತ್ತಿದ್ದ ಹಡಗು ಕಟ್ಟಿ ಸಾರ್ಕ್, ಹೊರಗಿನಿಂದಲೇ ಚೆಂದ. ರೇಖಾಂಶದ ಸೊನ್ನೆ ಗೆರೆ ಇರುವುದು ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ. ಏರು ಕಡಿದು. ಮೊಣಕಾಲಿನವರು ಕೆಳಗೆ ಉದ್ಯಾನದಲ್ಲಿ ಕೂರಲಿ, ಉಳಿದವರು ಹತ್ತಲಿ. ಅಂಗಳದೊಳಗೆ ಗೆರೆಯ ಮೇಲೆ ನಿಲ್ಲಲು ಟಿಕೆಟ್ ಬೇಕು. ಹೊರಗೆ ಗೋಡೆಯ ಮೇಲೂ ಅದೇ ಗೆರೆಯ ಗುರುತಿದೆ, ಅದಕ್ಕೆ ದುಡ್ಡಿಲ್ಲ. ಬಾಗಿಲ ಪಕ್ಕದ ಗಡಿಯಾರ ಬೇಸಿಗೆಯಲ್ಲಿ ಒಂದು ಗಂಟೆ ಹಿಂದೆ ಇದ್ದಂತೆ ಕಂಡರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ವರ್ಷವಿಡೀ ಗ್ರೀನಿಚ್ ಸಮಯವನ್ನೇ ತೋರಿಸುತ್ತದೆ.

ಐದನೇ ಕ್ಲಾಸು ದಾಟಿದ ಮೊಮ್ಮಕ್ಕಳಿಗೆ ಅಲ್ಲಿ ಒಂದು ಲೆಕ್ಕ ಕೊಡಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ. ದಾವಣಗೆರೆ ಸುಮಾರು 76 ಡಿಗ್ರಿ ಪೂರ್ವದಲ್ಲಿದೆ, ಅಂದರೆ 304 ನಿಮಿಷ, 5 ಗಂಟೆ 4 ನಿಮಿಷ. ಭಾರತದ ಗಡಿಯಾರವನ್ನು ಮಾತ್ರ 82.5 ಡಿಗ್ರಿಗೆ ಕಟ್ಟಿದ್ದಾರೆ, ಅದಕ್ಕೇ 5 ಗಂಟೆ 30 ನಿಮಿಷ. ಉಳಿದ 26 ನಿಮಿಷ ಎಲ್ಲಿ ಹೋಯಿತು? ದಾವಣಗೆರೆಯಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಿಯಾಗಿ ಹನ್ನೆರಡಕ್ಕಲ್ಲ, ಸರಾಸರಿ 12.26ರ ಹೊತ್ತಿಗೆ ಎಂಬ ಉತ್ತರ ಅವರೇ ಕಂಡುಕೊಳ್ಳಲಿ.

ಹಂತ 11: ಹಿಂದಿರುಗುವುದು

ಕಟ್ಟಿ ಸಾರ್ಕ್ ನಿಲ್ದಾಣದಿಂದ ಡಿಎಲ್‌ಆರ್ ರೈಲು ಬ್ಯಾಂಕ್ ನಿಲ್ದಾಣಕ್ಕೆ ನೇರ ಬರುತ್ತದೆ. ಈ ರೈಲಿಗೆ ಮುಂದೆ ಚಾಲಕನ ಕೋಣೆ ಇಲ್ಲ, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಮಗುವನ್ನೇ ಕೂರಿಸಬಹುದು. ಆ ಸೀಟಿಗೆ ಪೈಪೋಟಿ ಇರುತ್ತದೆ. ತುಂಬಿದ್ದರೆ ಒಂದು ರೈಲು ಬಿಟ್ಟು ಇನ್ನೊಂದು ಹತ್ತಿ, ಕೆಲವೇ ನಿಮಿಷದ ಕಾಯುವಿಕೆ. ಬ್ಯಾಂಕ್ ನಿಲ್ದಾಣದೊಳಗೆ ಮಾರ್ಗ ಬದಲಿಸುವ ನಡಿಗೆ ಉದ್ದ. ಅಜ್ಜಿಗೆ ಅದು ಬೇಡವೆನ್ನಿಸಿದರೆ ಅಲ್ಲಿಂದ ಹೊರಬಂದು ಬಸ್ಸಿನ ದಾರಿ ನೋಡಿಕೊಳ್ಳಿ.

ರಾತ್ರಿ ಅಡುಗೆ ಬೇಡ. ಬೆಳಿಗ್ಗೆಯೇ ಒಂದು ಪಾತ್ರೆ ಸಾರು ಮಾಡಿಟ್ಟು ಹೊರಟಿದ್ದರೆ ಬಂದ ಮೇಲೆ ಅನ್ನ ಮಾತ್ರ ಇಟ್ಟರಾಯಿತು. ಕಾಲಿಗೆ ಬಿಸಿನೀರು, ಹಿಮ್ಮಡಿಗೆ ಎಣ್ಣೆ. ಭಾನುವಾರ ಯಾರ ಮನೆಗೂ ಊಟಕ್ಕೆ ಬರುತ್ತೇವೆಂದು ಒಪ್ಪಿಕೊಳ್ಳಬೇಡಿ.